ಬೈಲಕುಪ್ಪೆಯಲ್ಲಿ ಊಟಕ್ಕೆಲ್ಲಿ?

ಸಂಸಾರಸ್ಥರ ಪ್ರವಾಸದಲ್ಲಿ ನೋಡೋ ಜಾಗದ ಬಗ್ಗೆ ಜಗಳ ಆಗಿದ್ದನ್ನು ನಾನಂತೂ ಕಾಣೆ. ಜಗಳವೆಲ್ಲ ಊಟದ್ದು. ಎಲ್ಲಿ ತಿನ್ನೋದು, ಯಾವಾಗ ತಿನ್ನೋದು, ಮನೆಯಿಂದ ಕಟ್ಟಿಕೊಂಡ ಮೊಸರನ್ನ ಹುಳಿಯಾಗೋಕೆ ಮುಂಚೆ ತಿನ್ನೋದೋ, ಹುಳಿಯಾಗಿದೆಯೋ ಇಲ್ಲವೋ ಅಂತ ಮೂಸಿ ನೋಡಿ ತಿನ್ನೋದೋ. ನಿಮ್ಮ ಮನೆಯಲ್ಲೂ ಇದೇ ಕಥೆ ಅಂತ ನನಗೆ ಗೊತ್ತು. ಮುಚ್ಚಿಡಬೇಡಿ.

ನಮ್ಮದು ಮೂರೂರಿನ ಸಂಸಾರ. ಅವ್ವ ಗುಬ್ಬಿಯವಳು, ಹೆಂಡತಿಯ ತವರು ಕುಣಿಗಲ್, ನಾವು ಇರೋದು ತುಮಕೂರಿನಲ್ಲಿ. ಅವ್ವನಿಗೆ 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನಾಟಕಗಳನ್ನು ತಾನೇ ಬರೆದುಕೊಟ್ಟಷ್ಟು ಹೆಮ್ಮೆ. ಹೆಂಡತಿಗೆ ಕುಣಿಗಲ್ ಕೆರೆಯದ್ದು, ಅದು ಸಾಲದಿದ್ದರೆ ಕುದುರೆ ಫಾರಂದು. ನನಗೆ ಮಾತ್ರ ನನ್ನ ತಿಳಿವಳಿಕೆಯದ್ದು. ಯಾವ ವಿಷಯ ಕೊಟ್ಟರೂ ಅರ್ಧ ಗಂಟೆ ಮಾತಾಡಬಲ್ಲೆ. ಕೇಳೋರು ಸಿಗೋದಿಲ್ಲ ಅನ್ನೋದೊಂದೇ ಕೊರತೆ.

ಹೀಗಿರುವಾಗ ಒಂದು ರಾತ್ರಿ ಟೀವಿಯಲ್ಲಿ ಲ್ಹಾಸಾ ತೋರಿಸುತ್ತಿದ್ದರು. ಮಗಳು, ಪಾಪ, ನನ್ನ ಕಡೆ ತಿರುಗಿ, "ಅಪ್ಪ, ಅಲ್ಲಿಗೆ ಹೋದೋರು ಊಟ ಎಲ್ಲಿ ಮಾಡ್ತಾರೆ?" ಅಂತ ಕೇಳಿಬಿಟ್ಟಳು. ನಾನು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಲ್ಹಾಸಾ ಇರೋದು ಸಮುದ್ರ ಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ, ಅಷ್ಟು ಮೇಲೆ ಗಾಳಿಯ ಒತ್ತಡ ಕಮ್ಮಿ, ನೀರು ನೂರು ಡಿಗ್ರಿ ಮುಟ್ಟೋಕೆ ಮುಂಚೆಯೇ ಕುದ್ದುಬಿಡುತ್ತೆ, ಅದರಲ್ಲಿ ಬೇಳೆ ಬೇಯೋದೇ ಇಲ್ಲ, ಅದಕ್ಕೇ ಆ ಜನ ಬಾರ್ಲಿಯನ್ನು ಹುರಿದು ಹಿಟ್ಟು ಮಾಡಿ ತಿಂತಾರೆ, ಆದ್ದರಿಂದ ನಮ್ಮಂಥೋರು ಅಲ್ಲಿಗೆ ಹೋದರೆ...

"ಕುಕ್ಕರ್ ತಗೊಂಡು ಹೋದ್ರಾಯ್ತಪ್ಪ," ಅಂದಳು ಹೆಂಡತಿ, ಅಡುಗೆಮನೆಯಿಂದಲೇ.

ವಿಜ್ಞಾನದಲ್ಲಿ ಸೋತ ಮನುಷ್ಯ ಭೂಗೋಳಕ್ಕೆ ಜಾರಿಕೊಳ್ಳಬೇಕು. "ಅಷ್ಟು ದೂರ ಯಾಕೆ? ಟಿಬೆಟ್ ನಮ್ಮ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಲ್ಲೇ ಇದೆ. ಬೈಲಕುಪ್ಪೆ! ಭಾನುವಾರ ಹೋಗಿ ಅಲ್ಲಿನ ಊಟ ಮಾಡ್ಕೊಂಡು ಬರೋಣ," ಅಂದೆ. ಮಕ್ಕಳು ಕುಣಿದರು. ಬಿ.ಎಚ್. ರಸ್ತೆಯ ಗಾಡಿಯಲ್ಲಿ ಸಂಜೆ ಹೊತ್ತು ಮೊಮೊ ತಿಂದು ಬೆಳೆದ ಮಕ್ಕಳವು. ಟಿಬೆಟ್ ಅಂದರೆ ಅವಕ್ಕೆ ಮೊಮೊಗಳ ತವರು. ನಾನು ಒಂದೇ ಒಂದು ಷರತ್ತು ಹಾಕಿದೆ. ಈ ಸಲ ಬುತ್ತಿ ಇಲ್ಲ. ಒಂದು ಡಬ್ಬಿಯೂ ಗಾಡಿ ಹತ್ತಬಾರದು.

"ಆಯ್ತು ರೀ," ಅಂದಳು ಇವಳು. ಹೆಂಡತಿ ವಾದ ಮಾಡದೆ ಒಪ್ಪಿಕೊಂಡರೆ ಗಂಡನಾದವನು ಅಲ್ಲೇ ಹುಷಾರಾಗಬೇಕು. ನಾನು ಗೆದ್ದೆ ಅಂತ ಶಿಳ್ಳೆ ಹೊಡೆದುಕೊಂಡು ಸ್ನಾನಕ್ಕೆ ಹೋದೆ.

ಭಾನುವಾರ ಬೆಳಗಿನ ಜಾವ ಹೊರಟು, ಹೆಬ್ಬೂರು ದಾಟಿ, ಕುಣಿಗಲ್‌ನಲ್ಲಿ ಅತ್ತೆಯವರನ್ನು ಹತ್ತಿಸಿಕೊಂಡೆವು. ಅತ್ತೆ ಬರೋದು ನನ್ನ ಷರತ್ತಿನಲ್ಲಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಬೀಗಿತ್ತಿಯರಿಬ್ಬರೂ ಕೂತು, ಒಬ್ಬರ ಆರೋಗ್ಯ ಇನ್ನೊಬ್ಬರು ವಿಚಾರಿಸಿ, ತನ್ನ ಮಂಡಿನೋವೇ ದೊಡ್ಡದು ಅಂತ ಇಬ್ಬರೂ ಸಾಧಿಸಿದರು. ಅತ್ತೆಯ ಕಾಲ ಬುಡದಲ್ಲೊಂದು ವೈರಿನ ಬುಟ್ಟಿ ಇತ್ತು. "ಅದೇನತ್ತೆ?" ಅಂದೆ. "ಮಾತ್ರೆ ಕಣಪ್ಪ," ಅಂದರು. ಅಷ್ಟು ಮಾತ್ರೆ ನುಂಗೋರು ಪ್ರವಾಸಕ್ಕೆ ಬರಬಾರದು.

ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬಂದಾಗ ಬುಟ್ಟಿಯಿಂದ ಕೋಡುಬಳೆ ಹೊರಬಿತ್ತು. ಷರತ್ತಿನ ಮಾತೆತ್ತಿದೆ. "ಇದು ಬುತ್ತಿ ಅಲ್ಲ, ಕುರುಕಲು," ಅಂದಳು ಹೆಂಡತಿ. ನಾಗಮಂಗಲ ದಾಟಿದ ಮೇಲೆ ಹೊಂಗೆ ಮರದ ನೆರಳಲ್ಲಿ ಚಿತ್ರಾನ್ನ ಬಂತು. "ಇದು ಊಟ ಅಲ್ಲ, ತಿಂಡಿ." ಹುಣಸೂರಿನಲ್ಲಿ ಹೋಳಿಗೆ. "ಇದು ಸಿಹಿ." ನನ್ನ ಹೆಂಡತಿ ಕಾನೂನು ಓದಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುತ್ತೆ. ಹೋಳಿಗೆ ಮಾತ್ರ ಎರಡು ತಿಂದೆ. ತತ್ವ ಬೇರೆ, ಹೋಳಿಗೆ ಬೇರೆ.

ದಾರಿಯುದ್ದಕ್ಕೂ ನಾನು ಸುಮ್ಮನಿರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದದ್ದು, ಹಿಂದೆ ಬಂದ ಜನರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳನ್ನು ಕೇಳಿದ್ದು, ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡು ನೆಲ ಗುತ್ತಿಗೆಗೆ ಕೊಟ್ಟದ್ದು, 1960ರ ಕೊನೆಗೆ ಮೊದಲ ತಂಡ ಬಂದು ಡೇರೆ ಹಾಕಿದ್ದು, ಪಕ್ಕದಲ್ಲೇ 1969ರಲ್ಲಿ ಎರಡನೇ ನೆಲೆ ಆದದ್ದು, ಎಲ್ಲವನ್ನೂ ಹೇಳಿದೆ. ವಿದೇಶಿಯರು ಇಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು ಅನ್ನೋದನ್ನೂ ಹೇಳಿ, ಗಾಂಭೀರ್ಯಕ್ಕಿರಲಿ ಅಂತ ಎಲ್ಲರ ಆಧಾರ್ ಕಾರ್ಡೂ ಜೋಬಲ್ಲಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಮುಸುಕಿನ ಜೋಳದ ಹೊಲಗಳು, ಅದರ ಮೇಲೆ ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳು, ಕೆಂಪು ನಿಲುವಂಗಿಯ ಹುಡುಗ ಸನ್ಯಾಸಿಗಳು. ಮೊದಲು ದೇವರು, ಆಮೇಲೆ ಊಟ ಅಂತ ಅವ್ವ ಅಪ್ಪಣೆ ಕೊಡಿಸಿದ್ದರಿಂದ ನಮ್ಡ್ರೋಲಿಂಗ್ ಮಠಕ್ಕೆ ಹೋದೆವು. ಜನ ಗೋಲ್ಡನ್ ಟೆಂಪಲ್ ಅನ್ನೋದು ಇದನ್ನೇ. ಪೆನೋರ್ ರಿನ್‌ಪೊಚೆ 1963ರಲ್ಲಿ ಕಟ್ಟಿದ ಮಠ. ಚಿನ್ನದ ಬಣ್ಣದ ಮೂರ್ತಿಗಳಿರುವ ದೊಡ್ಡ ಗುಡಿಯನ್ನು 1999ರಲ್ಲಿ ದಲೈ ಲಾಮಾ ಉದ್ಘಾಟಿಸಿದರು. ನಡುವೆ ಬುದ್ಧ 60 ಅಡಿ, ಆಚೀಚೆ ಪದ್ಮಸಂಭವ, ಅಮಿತಾಯು ತಲಾ 58 ಅಡಿ. ಇಷ್ಟನ್ನೂ ನಾನು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದೆ. ಅಕ್ಕಪಕ್ಕದ ಒಂದಿಬ್ಬರು ನನ್ನ ಕಡೆ ಮೆಚ್ಚುಗೆಯಿಂದ ನೋಡಿದಂತೆ ಅನ್ನಿಸಿ ದನಿ ಸ್ವಲ್ಪ ಏರಿಸಿದೆ. ಅವ್ವ ಬುದ್ಧನಿಗೆ ಕೈಮುಗಿದು, "ಇಷ್ಟೆಲ್ಲ ತಿಳ್ಕಂಡಿದೀಯಲ್ಲಪ್ಪ, ಇಲ್ಲಿ ಕಕ್ಕಸು ಎಲ್ಲೈತೆ ಹೇಳು ನೋಡಾನ," ಅಂದಳು. ಮೆಚ್ಚಿಕೊಂಡಿದ್ದವರೇ ದಾರಿ ತೋರಿಸಿದರು.

ಮಠದ ಎದುರಿಗೇ ಅಂಗಡಿ ಸಾಲು, ಅದರ ನಡುವೆ ಹೋಟೆಲುಗಳು. ಒಂದಕ್ಕೆ ನುಗ್ಗಿದೆವು. ಭಾನುವಾರದ ನೂಕುನುಗ್ಗಲು, ತಿನ್ನುತ್ತಿದ್ದವರ ಬೆನ್ನ ಹಿಂದೆ ನಿಂತು, ಅವರ ತುತ್ತು ಲೆಕ್ಕ ಮಾಡಿ ಸೀಟು ಹಿಡಿದೆವು. ಮೆನು ಬಿಡಿಸಿದರೆ ಉತ್ತರ ಭಾರತ, ದಕ್ಷಿಣ ಭಾರತ, ಚೀನಾ ಎಲ್ಲ ಇದ್ದು, ಟಿಬೆಟ್ ಒಂದು ಮೂಲೆಯಲ್ಲಿತ್ತು. ಮಗ ಗೋಬಿ ಮಂಚೂರಿ ಅಂದ. ನನಗೆ ರಕ್ತ ಕುದಿಯಿತು. "ಟಿಬೆಟ್‌ಗೆ ಬಂದು ಗೋಬಿ ಮಂಚೂರಿನಾ! ಥುಕ್ಪಾ ತರಿಸ್ತೀನಿ ಸುಮ್ನಿರು. ಅದು ನೂಡಲ್ಸ್ ಹಾಕಿದ ಬಿಸಿ ಸಾರು. ಅದನ್ನ ಕಡ್ಡಿಯಲ್ಲಿ ತಿನ್ನಬೇಕು."

"ಕಡ್ಡಿ ಬೇಕಾ ಸರ್? ಚಮಚ ಕೊಡ್ತೀವಿ," ಅಂದ ಸಪ್ಲೈಯರ್ ಹುಡುಗ. "ಕಡ್ಡಿಯೇ ಕೊಡಿ," ಅಂದೆ. ಕೈ ಬೆರಳಿನ ಸಂದಿಯಲ್ಲಿ ಎರಡೂ ಕಡ್ಡಿ ಸಿಕ್ಕಿಸಿಕೊಂಡು ಇಡೀ ಮನೆಗೆ ಪಾಠ ಮಾಡುತ್ತಾ ಎತ್ತಿದ ಮೊದಲನೇ ಎಳೆಯೇ ಜಾರಿ, ಮೇಜು ದಾಟಿ, ಅತ್ತೆಯವರ ಇಳಕಲ್ ಸೀರೆಯ ಸೆರಗಿನ ಮೇಲೆ ಮಲಗಿತು. ಅತ್ತೆ ಏನೂ ಅನ್ನಲಿಲ್ಲ. ಕುಣಿಗಲ್ಲಿನವರು ಅಳಿಯನಿಗೆ ಎದುರಿಗೆ ಏನೂ ಅನ್ನೋದಿಲ್ಲ. ಆಮೇಲೆ ಫೋನಿನಲ್ಲಿ ಮಗಳಿಗೆ ಅಂತಾರೆ. ಅಷ್ಟರಲ್ಲಿ ಪಕ್ಕದ ಮೇಜಿಗೆ ಮಾಂಸದ ಮೊಮೊ ಬಂದಿದ್ದು ಅವ್ವನ ಮೂಗಿಗೆ ಗೊತ್ತಾಗಿ, ಅವಳು ಸೆರಗು ಬಾಯಿಗೊತ್ತಿಕೊಂಡು ಹೊರನಡೆದಳು. ಬೀಗಿತ್ತಿ ಎದ್ದ ಮೇಲೆ ತಾವು ಕೂತರೆ ಮಡಿ ಕಮ್ಮಿಯಾದೀತು ಅಂತ ಅತ್ತೆಯೂ ಎದ್ದರು. ಎಲ್ಲರ ಥುಕ್ಪಾದ ದುಡ್ಡೂ ಕೊಟ್ಟು ನಾನೂ ಎದ್ದೆ. ಮಗ ಮಾತ್ರ ಅಷ್ಟರೊಳಗೆ ಚಮಚದಲ್ಲಿ ಎರಡು ಬಟ್ಟಲು ಮುಗಿಸಿದ್ದ.

ಹೊರಗೆ ಮರದ ಕೆಳಗೊಬ್ಬ ಎಳೆ ಸನ್ಯಾಸಿ ಮೊಬೈಲ್ ನೋಡುತ್ತಾ ನಿಂತಿದ್ದ. ನಾನು ನನ್ನಲ್ಲಿದ್ದ ಅತ್ಯುತ್ತಮ ಇಂಗ್ಲಿಷ್ ಹೊರತೆಗೆದು, ನಿಮ್ಮ ನಾಡಿನ ಅಪ್ಪಟ ಸಸ್ಯಾಹಾರ ಎಲ್ಲಿ ಸಿಗುತ್ತದೆ, ನೀವು ಸ್ವತಃ ಎಲ್ಲಿ ಊಟ ಮಾಡುತ್ತೀರಿ ಅಂತ ವಿನಯವಾಗಿ ಕೇಳಿದೆ. ಅವನು ತಲೆಯೆತ್ತಿ, "ನಾವಾ ಅಣ್ಣ? ಮಠದ ಊಟ ಬೇಜಾರಾದ್ರೆ ಕುಶಾಲನಗರಕ್ಕೆ ಹೋಗಿ ಮಸಾಲೆ ದೋಸೆ ತಿಂತೀವಿ," ಅಂದ. ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಅವಳ ಹೆಗಲು ಕುಲುಕುತ್ತಿದ್ದದ್ದು ನನಗೆ ಕಾಣಿಸಿತು. ಆದರೆ ಹುಡುಗ ಒಳ್ಳೆಯವನು. ಕ್ಯಾಂಪಿನ ಒಳಗಡೆ ಒಬ್ಬ ಅಮ್ಮನ ಸಣ್ಣ ಹೋಟೆಲಿದೆ, ಬರೀ ವೆಜ್, ಟೂರಿಸ್ಟುಗಳು ಹೋಗಲ್ಲ ಅಂತ ದಾರಿ ಹೇಳಿದ.

ನಿಮಗೂ ಇದನ್ನೇ ಹೇಳ್ತೀನಿ. ಗುಡಿ ಎದುರಿನ ದೊಡ್ಡ ಹೋಟೆಲಲ್ಲಿ ಎಲ್ಲ ಸಿಗುತ್ತೆ, ಸಿಗಲಿ. ಆದರೆ ಕ್ಯಾಂಪುಗಳ ಒಳಗೆ, ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮೇಜು ಹಾಕಿದ ಜಾಗಗಳಿರುತ್ತವಲ್ಲ, ಅಲ್ಲಿ ತಿನ್ನಿ. ಒಂದೇ ಕಷ್ಟವೆಂದರೆ ಅಲ್ಲಿ ನಿಮ್ಮ ಪಾಂಡಿತ್ಯ ನಡೆಯೋದಿಲ್ಲ.

ಆ ಕೋಣೆಯ ಒಡತಿ ಐವತ್ತು ದಾಟಿದ ಹೆಂಗಸು. ಉದ್ದನೆ ಟಿಬೆಟಿಯನ್ ಅಂಗಿ, ಸೊಂಟಕ್ಕೆ ಪಟ್ಟೆಪಟ್ಟೆ ಮುಂಬಟ್ಟೆ. ನಾನು "ತಾಶಿ ದೆಲೆಕ್!" ಅಂತ ಕೈಮುಗಿದೆ. ಆಕೆ, "ಬನ್ನಿ ಬನ್ನಿ, ಕೂತ್ಕೊಳ್ಳಿ, ಯಾವೂರು?" ಅಂದರು. ಅವ್ವ ಕೂರೋಕೆ ಮುಂಚೆ ನೇರ ಅಡುಗೆಮನೆಗೇ ನುಗ್ಗಿದಳು. ಹಬೆ ಪಾತ್ರೆಯ ಅಂತಸ್ತುಗಳನ್ನು ಒಂದೊಂದಾಗಿ ತೆರೆಸಿ, "ಇದರಲ್ಲಿ ಬೇರೇನೂ ಬೇಯಿಸಕಿಲ್ಲ ತಾನೇ ತಾಯಿ?" ಅಂದಳು. "ಎಲೆಕೋಸು, ಕ್ಯಾರೆಟ್ಟು, ಆಲೂಗೆಡ್ಡೆ ಅಷ್ಟೇ ಅಜ್ಜಿ. ಬೇಕಾದ್ರೆ ಮೂಸಿ ನೋಡಿ." ಅವ್ವ ನಿಜವಾಗಿಯೂ ಮೂಸಿದಳು. ಸರ್ಟಿಫಿಕೇಟು ಸಿಕ್ಕಿತು.

ಆಕೆ ಹುಟ್ಟಿದ್ದೇ ಇಲ್ಲಿ. ಅಪ್ಪ ಅಮ್ಮ ಕಾಡು ಕಡಿದು, ಆನೆ ಕಾಟಕ್ಕೆ ರಾತ್ರಿಯೆಲ್ಲ ಎಚ್ಚರವಿದ್ದು ಜೋಳ ಬೆಳೆದವರಂತೆ. ಹಿಮದ ನಾಡಿನಿಂದ ಬಂದವರಿಗೆ ನಮ್ಮ ಸೆಕೆಯೇ ಆನೆಗಿಂತ ದೊಡ್ಡ ಶತ್ರುವಾಗಿತ್ತಂತೆ. ಇದು ನನಗೆ ಗೊತ್ತಿರೋ ವಿಷಯ ಅಂತ ನಾನು ಬಾಯಿ ಹಾಕಿ ದಿನಾಂಕಗಳನ್ನು ಒದಗಿಸಿದೆ. ಆಕೆ ಸೌಜನ್ಯದಿಂದ ಕೇಳಿಸಿಕೊಂಡರು. ತಮ್ಮದೇ ತಂದೆ ತಾಯಿಯ ಕಥೆಯನ್ನು ತುಮಕೂರಿನವನೊಬ್ಬನಿಂದ ಕೇಳಿ ತಿಳಿಯೋ ಯೋಗ ಎಲ್ಲರಿಗೂ ಬರೋದಿಲ್ಲ.

ಮೊಮೊ ಬಂತು, ಹಬೆಯಲ್ಲಿ ಬೇಯಿಸಿದ, ಹೂರಣವಿಲ್ಲದ ಮಡಿಕೆ ಮಡಿಕೆ ಬನ್ನು ಬಂತು. ಅದಕ್ಕೆ ಟಿಂಗ್ಮೋ ಅಂತಾರೆ. ಜೊತೆಗೆ ಆಲೂಗೆಡ್ಡೆ ಪಲ್ಯ. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಕೆಂಪು ಚಟ್ನಿ, ಸೆಪೆನ್. "ಖಾರ ಇದೆ," ಅಂದರು ಆಕೆ. "ನಾವು ಬಯಲುಸೀಮೆಯೋರು," ಅಂದು ಚಮಚದ ತುಂಬ ತೆಗೆದುಕೊಂಡೆ. ಮುಂದಿನ ಕೆಲವು ನಿಮಿಷ ನಡೆದದ್ದನ್ನು ಮಕ್ಕಳು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ್ದಾರೆ; ನೋಡದವರು ಕೇಳಿ ತರಿಸಿಕೊಳ್ಳಬಹುದು.

ಖಾರಕ್ಕೆ ಮದ್ದು ಅಂತ ಆಕೆ ಥರ್ಮಾಸ್ ತಂದು ಬೆಣ್ಣೆ ಚಹಾ ಬಗ್ಗಿಸಿದರು. ಇಟ್ಟಿಗೆಯ ಹಾಗೆ ಒತ್ತಿದ ಚಹಾ ಸೊಪ್ಪನ್ನು ಕುದಿಸಿ, ಬೆಣ್ಣೆ, ಉಪ್ಪು ಹಾಕಿ ಉದ್ದನೆ ಮರದ ಕೊಳವೆಯಲ್ಲಿ ಕಡೆಯುತ್ತಾರೆ ಅಂತ ನಾನು ಮನೆಯವರಿಗೆ ವಿವರಿಸಿದೆ. "ಈಗ ಮಿಕ್ಸಿ," ಅಂದರು ಆಕೆ. ನನಗೆ ಬೆಳಗಿನಿಂದ ಕಾಫಿ ಬಿದ್ದಿರಲಿಲ್ಲ. ಒಂದು ಗುಟುಕು ಕುಡಿದೆ. ನಾಲಿಗೆ ಸಕ್ಕರೆಗೆ ಕಾದು ಕೂತಿತ್ತು, ಅದಕ್ಕೆ ಉಪ್ಪು ಸಿಕ್ಕಿತು. ಆಕೆ ಎದುರಿಗೇ ನಿಂತಿದ್ದಾರೆ. ಮುಖ ಹಿಂಡಿದರೆ ಮರ್ಯಾದೆ ಹೋಗುತ್ತೆ. ಔಷಧಿಯ ಥರ ಒಂದೇ ಉಸಿರಿಗೆ ಮುಗಿಸಿಬಿಡೋಣ ಅಂತ ಬಟ್ಟಲು ಖಾಲಿ ಮಾಡಿದೆ. ತಕ್ಷಣ ತುಂಬಿದರು. ಓಹೋ, ಇಷ್ಟವಾಯ್ತು ಅಂದುಕೊಂಡಿದ್ದಾರೆ ಅಂತ ಮತ್ತೆ ಖಾಲಿ ಮಾಡಿದೆ. ಮತ್ತೆ ತುಂಬಿದರು. ಅವರಲ್ಲಿ ಅತಿಥಿಯ ಬಟ್ಟಲು ಖಾಲಿ ಇರಕೂಡದು. ಸಾಕಾಗಿದ್ದವರು ತುಂಬಿದ ಬಟ್ಟಲನ್ನು ಮುಟ್ಟದೆ ಹಾಗೇ ಇಟ್ಟುಕೊಂಡು, ಹೊರಡುವಾಗ ಕುಡಿಯಬೇಕು. ಈ ಪದ್ಧತಿಯನ್ನು ಅತ್ತೆಯವರು ಆಕೆಯಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದರು. ನನಗೆ ಹೇಳಲಿಲ್ಲ. "ಅಳಿಯಂದ್ರು ಇಷ್ಟಪಟ್ಟು ಕುಡೀತಾವ್ರೆ ಅಂದ್ಕಂಡೆ," ಅಂದರು ಆಮೇಲೆ. ಸೀರೆಯ ಸೆರಗಿನ ಮೇಲೆ ಥುಕ್ಪಾದ ಕಲೆ ಇನ್ನೂ ಒಣಗಿರಲಿಲ್ಲ.

ಆಮೇಲೆ ಬಂದದ್ದು ತ್ಸಂಪಾ. ನನ್ನ ಪಾಲಿಗೆ ಆ ದಿನದ ಮುಖ್ಯ ಉಪನ್ಯಾಸ ಅದೇ ಆಗಬೇಕಿತ್ತು. ಲ್ಹಾಸಾ, ಗಾಳಿಯ ಒತ್ತಡ, ಬೇಯದ ಬೇಳೆ, ಎಲ್ಲ ಸಿದ್ಧವಾಗಿತ್ತು. ಹುರಿದ ಬಾರ್ಲಿಯ ಹಿಟ್ಟನ್ನು ಬಟ್ಟಲಿಗೆ ಹಾಕಿ, ಮೇಲೆ ಬೆಣ್ಣೆ ಚಹಾ ಬಿಟ್ಟು, ಬೆರಳಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನೋದು. ಆಕೆ ಕಲಸೋಕೆ ಶುರು ಮಾಡಿದ್ದೇ ತಡ, ಅವ್ವ ಮುಂದಕ್ಕೆ ಬಾಗಿದಳು. "ಇದು ನಮ್ಮ ಹುರಿಹಿಟ್ಟಲ್ವೇನವ್ವ! ನೀನು ಉಂಡೆ ಗಟ್ಟಿ ಮಾಡ್ತಾ ಇದೀಯ, ಇಲ್ಲಿ ಕೊಡು," ಅಂದು ಬಟ್ಟಲು ಕಿತ್ತುಕೊಂಡಳು. ಎಂಟು ದಶಕದ ಕೈ. ಬಟ್ಟಲು ತಿರುಗಿಸುತ್ತಾ, ಹೆಬ್ಬೆರಳಿನಲ್ಲಿ ಒತ್ತುತ್ತಾ, ನುಣ್ಣಗೆ ಉಂಡೆ ಕಟ್ಟಿದಳು. ಆಕೆ ಚಪ್ಪಾಳೆ ತಟ್ಟಿದರು. ಗುಬ್ಬಿ ಕಡೆ ಹೊಲಕ್ಕೆ ಹೋಗೋರು ರಾಗಿ ಹುರಿಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಮಜ್ಜಿಗೆಯಲ್ಲಿ ಕಲಸಿ ತಿನ್ನುತ್ತಿದ್ದದ್ದು, ಅಲ್ಲಿ ಯಾಕ್ ಕಾಯೋರು ತ್ಸಂಪಾವನ್ನು ಚರ್ಮದ ಚೀಲದಲ್ಲಿ ಒಯ್ಯುತ್ತಿದ್ದದ್ದು, ಎರಡೂ ಕಥೆ ಮುಖಾಮುಖಿಯಾದವು. ಬೆಂಕಿ ಬೇಡ, ಪಾತ್ರೆ ಬೇಡ, ಕೆಡೋದಿಲ್ಲ. ನಾನು ಗಾಳಿಯ ಒತ್ತಡದ ವಿಷಯ ಎತ್ತಿದೆ. "ನೀನು ಸುಮ್ನಿರು ಮಗ," ಅಂದರು ಇಬ್ಬರೂ, ಒಟ್ಟಿಗೆ.

ಅಷ್ಟೇ ಅಲ್ಲ. ಅವ್ವ ಸೊಂಟದ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಅದರಲ್ಲಿ ಅಪ್ಪಟ ರಾಗಿ ಹುರಿಹಿಟ್ಟು, ಬೆಲ್ಲ, ಕೊಬ್ಬರಿ ತುರಿ. ಬುತ್ತಿ ಬೇಡ ಅಂದ ಗಾಡಿಯಲ್ಲಿ ನನ್ನ ಹೆತ್ತ ತಾಯಿಯೇ ಕಳ್ಳಸಾಗಣೆ ಮಾಡಿದ್ದಳು. ಆ ಹೆಂಗಸು ಅದನ್ನು ಬೆಣ್ಣೆ ಚಹಾದಲ್ಲೇ ಕಲಸಿ ತಿಂದು, ಡಬ್ಬಿ ಪೂರ್ತಿ ಇಟ್ಟುಕೊಂಡು, ಬದಲಿಗೆ ತ್ಸಂಪಾ ತುಂಬಿ ಕೊಟ್ಟರು. ಇನ್ನು ಬಿಲ್ ಕೊಡುವಾಗ ಹಿಟ್ಟಿನ ದುಡ್ಡು ಹಾಕಲಿಲ್ಲ. ಇಡೀ ಪ್ರವಾಸದಲ್ಲಿ ದುಡ್ಡು ಕೊಡದೆ ಸಿಕ್ಕ ಊಟವೆಂದರೆ ನಾನು ನಿಷೇಧಿಸಿದ್ದ ಬುತ್ತಿಯಿಂದ ಬಂದದ್ದು.

ಮಾತು ಹಬ್ಬದ ಕಡೆ ಹೊರಳಿತು. ಫೆಬ್ರವರಿ-ಮಾರ್ಚಿನಲ್ಲಿ ಬರೋ ಅವರ ಹೊಸ ವರ್ಷ ಲೋಸರ್. ಅದಕ್ಕೆ ಮುಂಚೆ, ಹನ್ನೆರಡನೇ ತಿಂಗಳ ಇಪ್ಪತ್ತೊಂಬತ್ತರ ರಾತ್ರಿ, ಒಂಬತ್ತು ಬಗೆ ಸಾಮಾನು ಹಾಕಿದ ಗುತುಕ್ ಅನ್ನೋ ಸಾರು ಮಾಡ್ತಾರೆ. ಪ್ರತಿಯೊಬ್ಬರ ಬಟ್ಟಲಿಗೂ ಒಂದೊಂದು ಹಿಟ್ಟಿನ ಉಂಡೆ ಬೀಳುತ್ತೆ. ಒಳಗೆ ಏನೋ ಒಂದು ಅಡಗಿಸಿರುತ್ತಾರೆ. ಇದ್ದಿಲು ಸಿಕ್ಕರೆ ಅವನ ಮನಸ್ಸು ಕಪ್ಪು. ಮೆಣಸಿನಕಾಯಿ ಸಿಕ್ಕರೆ ವಾಚಾಳಿ.

ಯಾರೂ ಏನೂ ಹೇಳಲಿಲ್ಲ. ಹೆಂಡತಿ, ಮಕ್ಕಳು, ಅವ್ವ, ಅತ್ತೆ, ಆ ಹೋಟೆಲಿನಾಕೆ ಸಹಿತ ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು. ನನ್ನ ಕಣ್ಣಿನಲ್ಲಿ ಸೆಪೆನ್ ನೀರು ಇನ್ನೂ ಸುರಿಯುತ್ತಿತ್ತು. ಉಂಡೆ ಒಡೆಯೋ ಅಗತ್ಯವೇ ಬೀಳಲಿಲ್ಲ.

ಹೊರಡುವಾಗ ಗಲ್ಲಾದ ಪಕ್ಕದಲ್ಲಿ ದಾರಕ್ಕೆ ಪೋಣಿಸಿ ನೇತುಹಾಕಿದ್ದ, ಬಿಳಿ-ಹಳದಿ ಚೌಕ ತುಂಡುಗಳ ಸರವೊಂದು ಕಾಣಿಸಿತು. ಒಣಗಿಸಿದ ಗಿಣ್ಣು, ಛುರ್ಪಿ. ಮಕ್ಕಳು ಇದೇನು ಅಂದರು. ನನಗೆ ಗೊತ್ತಿದ್ದ ಕೊನೆಯ ವಿಷಯ ಅದು, ಬಿಡೋದುಂಟೆ? ಒಂದು ಸರ ಕೊಂಡು, ಗಾಡಿ ಹತ್ತಿ, "ನೋಡಿ, ಇದನ್ನ ಹೇಗೆ ತಿನ್ನೋದು ಅಂತ ತೋರಿಸ್ತೀನಿ," ಅಂತ ಒಂದು ತುಂಡು ಬಾಯಿಗೆ ಎಸೆದುಕೊಂಡೆ.

ಕಲ್ಲು. ಕಚ್ಚಿದೆ, ದವಡೆಯಲ್ಲಿ ಏನೋ ಕಟಕ್ ಅಂತು; ಗಿಣ್ಣಲ್ಲ, ಹೋದ ವರ್ಷ ಹಾಕಿಸಿದ ಹಲ್ಲಿನ ಟೋಪಿ. ಉಗುಳೋಣವೆಂದರೆ ಹಿಂದಿನ ಸೀಟಿನಿಂದ ನಾಲ್ಕು ಜೊತೆ ಕಣ್ಣುಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿವೆ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸುತ್ತಾ ಗಾಡಿ ಓಡಿಸಿದೆ. ಪಿರಿಯಾಪಟ್ಟಣ ಬಂತು, ಹೋಯಿತು. ಹುಣಸೂರು ಹತ್ತಿರವಾಯಿತು. ಆ ತಾಲ್ಲೂಕಿನ ಗುರುಪುರದಲ್ಲೂ ಟಿಬೆಟಿಯನ್ನರ ನೆಲೆ ಇದೆ. ಮುಂಡಗೋಡು, ಕೊಳ್ಳೇಗಾಲದ ಒಡೆಯರಪಾಳ್ಯ ಸೇರಿಸಿದರೆ ಕರ್ನಾಟಕದಲ್ಲಿ ಒಟ್ಟು ಐದು. ಹೇಳೋಕೆ ಎಂಥಾ ಜಾಗ! ಬಾಯಿ ತೆರೆದರೆ ಜೊಲ್ಲು. ಗಾಡಿಯೊಳಗೆ ನಿಶ್ಶಬ್ದ. ಬೀಗಿತ್ತಿಯರಿಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಗೊರಕೆ ಹೊಡೆಯುತ್ತಿದ್ದರು. ಮಕ್ಕಳು ಕಿಟಕಿಯಾಚೆ ನೋಡುತ್ತಾ ಹಾಡು ಗುನುಗುತ್ತಿದ್ದರು. ಹೆಂಡತಿ ಸೀಟು ಹಿಂದಕ್ಕೆ ಒತ್ತಿ, ಕಾಲು ಚಾಚಿ, ಎಷ್ಟೋ ವರ್ಷಗಳ ಮೇಲೆ ಆರಾಮಾಗಿ ಉಸಿರು ಬಿಟ್ಟಳು.

"ರೀ, ಎಷ್ಟು ಹೊತ್ತು ಬರುತ್ತೆ ಅದೊಂದು ತುಂಡು?"

ಒಂದು ಬೆರಳು ತೋರಿಸಿದೆ.

"ಒಂದು ಗಂಟೆನಾ?"

ತಲೆ ಆಡಿಸಿದೆ. ಅವಳು ತೊಡೆಯ ಮೇಲಿನ ಸರ ಎತ್ತಿಕೊಂಡು ತುಂಡುಗಳನ್ನು ಜಪಮಣಿ ಎಣಿಸುವ ಭಕ್ತಿಯಿಂದ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಮನಸ್ಸಿನಲ್ಲೇ ಏನೋ ಗುಣಾಕಾರ ಮಾಡಿದಳು.

"ಇದು ಉಗಾದಿ ತನಕವೂ ಸಾಲಲ್ಲ," ಅಂದಳು. "ಗಾಡಿ ತಿರುಗ್ಸಿ."

ಬೇಡ ಅನ್ನೋಣವೆಂದರೆ ಬಾಯಿ ಖಾಲಿ ಇರಲಿಲ್ಲ.